ಸಂಗಾತಿಗೆ ನಾಲ್ಕೇ ಅಡುಗೆ ರುಚಿಸಿದರೆ

ರುಚಿಯ ಬೆನ್ನು ಹತ್ತಿ ಊರೂರು ಸುತ್ತುವವರಿಗೂ ನಾಲ್ಕೇ ಬಗೆಯ ಅಡುಗೆಗೆ ಅಂಟಿಕೊಂಡವರಿಗೂ ಪ್ರೀತಿ ಹುಟ್ಟುವುದು ಅಪರೂಪವಲ್ಲ. ಮಳೆ ಹಿಡಿದರೆ ಒಬ್ಬರಿಗೆ ಕಳಲೆ, ಪತ್ರೊಡೆ, ಅಣಬೆಯದೇ ಧ್ಯಾನ. ಇನ್ನೊಬ್ಬರಿಗೆ ವರ್ಷವಿಡೀ ತಿಳಿಸಾರು, ಮೊಸರನ್ನ, ಆಲೂಗಡ್ಡೆ ಪಲ್ಯ ಸಾಕು. ಭೋಜನಪ್ರಿಯರು ಇದನ್ನು ಹಟವೆಂದು ಎಣಿಸುತ್ತಾರೆ. ಬಹಳ ಸಲ ಅದು ಹಟವಲ್ಲ.

ಎಲ್ಲರ ನಾಲಿಗೆಯೂ ಒಂದೇ ಅಲ್ಲ. 1931ರಲ್ಲಿ ಅಮೆರಿಕದ ಡುಪಾಂಟ್ ಪ್ರಯೋಗಾಲಯದಲ್ಲಿ ಆರ್ಥರ್ ಫಾಕ್ಸ್ ಎಂಬ ರಸಾಯನವಿಜ್ಞಾನಿ ಪಿಟಿಸಿ ಎಂಬ ಪುಡಿಯೊಂದಿಗೆ ಕೆಲಸ ಮಾಡುವಾಗ ಅದು ಗಾಳಿಗೆ ಹಾರಿತು. ಪಕ್ಕದಲ್ಲಿದ್ದವರ ಬಾಯಿ ಕಹಿಯಾಯಿತು, ಫಾಕ್ಸ್‌ಗೆ ಏನೂ ಅನಿಸಲಿಲ್ಲ. ಈ ವ್ಯತ್ಯಾಸದ ಬಹುಪಾಲು ಟಿಎಎಸ್2ಆರ್38 ಎಂಬ ವಂಶವಾಹಿಯದು ಎಂದು 2003ರಲ್ಲಿ ತಿಳಿಯಿತು. ಪಿಟಿಸಿಗೆ ಹತ್ತಿರದ ರಾಸಾಯನಿಕಗಳು ಎಲೆಕೋಸು, ನವಿಲುಕೋಸುಗಳಲ್ಲಿವೆ. ಒಂದೇ ಪಾತ್ರೆಯ ನವಿಲುಕೋಸಿನ ಹುಳಿ ಒಬ್ಬರಿಗೆ ಹಿತವಾಗಿ, ಇನ್ನೊಬ್ಬರಿಗೆ ಕಹಿಯಾಗಿ ಕಾಣುವುದು ಹೀಗೆ.

ಹೊಸ ತಿನಿಸಿನ ಅಂಜಿಕೆ ಇನ್ನೊಂದು ಕಾರಣ. ಅದನ್ನು ಅಳೆಯಲು ಪೆಟ್ರೀಷಿಯಾ ಪ್ಲೈನರ್ ಮತ್ತು ಕರೆನ್ ಹೋಬ್ಡೆನ್ 1992ರಲ್ಲಿ ಹತ್ತು ಹೇಳಿಕೆಗಳ ಅಳತೆಗೋಲು ರೂಪಿಸಿದರು. ಅವಳಿಗಳ ಅಧ್ಯಯನಗಳ ಪ್ರಕಾರ ಈ ಅಂಜಿಕೆಯೂ ಬಹುಮಟ್ಟಿಗೆ ಹುಟ್ಟಿನಿಂದ ಬರುವಂಥದ್ದು. ಬೆಂಡೆಯ ಲೋಳೆ, ಬೆಂದ ಬದನೆಯ ಮೆತ್ತಗಿನ ತಿರುಳು ಕೆಲವರಿಗೆ ರುಚಿಗಿಂತ ದೊಡ್ಡ ತೊಡಕು.

ಅಡುಗೆಮನೆಯಲ್ಲಿ ಇದಕ್ಕೆ ದಾರಿಗಳಿವೆ. ಹಾಗಲಕಾಯಿಯನ್ನು ತೆಳ್ಳಗೆ ಹೆಚ್ಚಿ, ಉಪ್ಪು ಸವರಿಟ್ಟು ಹಿಂಡಿದರೆ ಕಹಿನೀರು ಇಳಿಯುತ್ತದೆ. ಉಳಿದ ಉಪ್ಪಿನ ಸೋಡಿಯಂ ನಾಲಿಗೆಯ ಮೇಲೆ ಕಹಿಯನ್ನು ಮಂಕಾಗಿಸುತ್ತದೆ. ಮಿಕ್ಕದ್ದನ್ನು ಬೆಲ್ಲ, ಹುಣಸೆಹುಳಿ ನೋಡಿಕೊಳ್ಳುತ್ತವೆ. ಕರಾವಳಿಯ ಹಾಗಲಕಾಯಿ ಮೆಣಸ್ಕಾಯಿಯಲ್ಲಿ ಕಹಿ ಇದ್ದೂ ನೋಯಿಸದಿರುವುದು ಈ ಹದದಿಂದಲೇ, ಮೊದಲ ಸಲಕ್ಕೆ ಇದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ. ಬೆಂಡೆಯನ್ನು ಒಣಗಿಸಿ ಹುರಿದರೆ, ಹುಳಿ ಹಾಕಿದರೆ ಲೋಳೆ ತಗ್ಗುತ್ತದೆ. ಬದನೆಯ ಬಿಲ್ಲೆಗಳನ್ನು ರವೆಯಲ್ಲಿ ಹೊರಳಿಸಿ ಗರಿಗರಿಯಾಗಿ ಕಾಯಿಸಬಹುದು.

ಹೊಸದನ್ನು ಒಗ್ಗಿದ ಅಡುಗೆಯ ಪಕ್ಕದಲ್ಲಿ ಒಂದೇ ಚಮಚ ಬಡಿಸಿ, ತಿಂದರೋ ಬಿಟ್ಟರೋ ಎಂದು ಕೇಳದಿರುವುದು ಉತ್ತಮ. ಒತ್ತಾಯವಿಲ್ಲದೆ ಮತ್ತೆಮತ್ತೆ ಸವಿದದ್ದು ನಿಧಾನವಾಗಿ ಹಿಡಿಸುತ್ತದೆ. ಒಲ್ಲದ್ದನ್ನು ಗುಟ್ಟಾಗಿ ಬೆರೆಸುವುದು ಮಾತ್ರ ಕೂಡದು. ಸಿಕ್ಕಿಬಿದ್ದರೆ ನಂಬಿದ ಸಾರಿನ ಮೇಲೂ ಅನುಮಾನ ಹುಟ್ಟುತ್ತದೆ. ಮೊಟ್ಟೆ, ಮಾಂಸ, ಈರುಳ್ಳಿ ಬಿಟ್ಟಿರುವುದು ಆಚಾರದಿಂದಾದರೆ ಅಲ್ಲಿ ರುಚಿ ತಿದ್ದುವ ಪ್ರಯತ್ನಕ್ಕೆ ಎಡೆಯೇ ಇಲ್ಲ. ತೂಕ ಇಳಿಯುವಷ್ಟು ಊಟ ಕಿರಿದಾಗಿದ್ದರೆ ವೈದ್ಯರನ್ನು ಕಾಣಬೇಕು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಅಂಥದ್ದನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದೆ.

ಭೋಜನಪ್ರಿಯರು ತಮ್ಮ ಕಳಲೆಯನ್ನು ಬಿಡಬೇಕಿಲ್ಲ, ಅದಕ್ಕೆ ಗೆಳೆಯರ ಜೊತೆಯಿದೆ. ಇಬ್ಬರೇ ಹೊರಟ ದಿನ ಹೋಟೆಲು ಆರಿಸುವ ಹಕ್ಕನ್ನು ಕಡಿಮೆ ಬಗೆ ತಿನ್ನುವವರಿಗೇ ಬಿಡಬೇಕು. ಎಲ್ಲವನ್ನೂ ಸವಿಯಬಲ್ಲವರಿಗೆ ಎಲ್ಲಿ ಹೋದರೂ ಏನಾದರೂ ಸಿಗುತ್ತದೆ.