ಉಗುರಿಗೆ ತಿಳಿಯುವ ಸವೆತ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿ ಹುಟ್ಟಿದ ಯೆಜ್ಡಿ ಬೈಕುಗಳು ಮುಂಬಯಿಯಲ್ಲಿ ಇನ್ನೂ ಓಡುತ್ತಿವೆ ಎಂದರೆ ಕುರ್ಲಾದಂಥ ಕಡೆಯ ಮೇಸ್ತ್ರಿಗಳ ಕೈಗುಣ. ಆ ಟೂ ಸ್ಟ್ರೋಕ್ ಇಂಜಿನ್ ಈಗ ಹೊಸದಾಗಿ ಸಿಗದು. ಇರುವುದನ್ನೇ ಕಟ್ಟಬೇಕೋ, ಎಲ್ಲಿಂದಲೋ ಹಳೆಯದೊಂದನ್ನು ತಂದು ಕೂರಿಸಬೇಕೋ? ಅದನ್ನು ಅವರು ತೀರ್ಮಾನಿಸುವ ರೀತಿ ನೋಡಲೇಬೇಕಾದದ್ದು.

ಮೊದಲು ಉಗುರು. ಸಿಲಿಂಡರಿನ ಒಳಮೈಯಲ್ಲಿ, ರಿಂಗು ಮುಟ್ಟದ ಮೇಲಂಚಿಗೆ ಉಗುರು ತಡೆದರೆ ಅಷ್ಟು ಸವೆದಿದೆ ಎಂದರ್ಥ. ಬೋರ್ ಹೊಡೆಸಿ ಮುಂದಿನ ಸೈಜಿನ ಪಿಸ್ಟನ್ ಹಾಕಬಹುದು.

ಆಮೇಲೆ ಕನೆಕ್ಟಿಂಗ್ ರಾಡ್. ಅಕ್ಕಪಕ್ಕ ತುಸು ಸರಿದಾಡಿದರೆ ಚಿಂತೆಯಿಲ್ಲ. ಮೇಲೆ ಕೆಳಗೆ ಎಳೆದಾಗ ‘ಟಿಕ್’ ಅಂದರೆ ಬೇರಿಂಗ್ ಹೋಯಿತು. ಅಷ್ಟು ಸಣ್ಣ ಸದ್ದಿಗಾಗಿ ಪಕ್ಕದ ಗ್ರೈಂಡರನ್ನೇ ನಿಲ್ಲಿಸುತ್ತಾರೆ! ಬೇರಿಂಗ್ ಹೋಗಿದ್ದರೆ ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬಿಡಿಸಿ, ಹೊಸ ಪಿನ್ನು, ರೋಲರ್ ಹಾಕಿ ಮತ್ತೆ ಒತ್ತುತ್ತಾರೆ. ಕ್ರ್ಯಾಂಕಿನ ಎರಡೂ ಚಕ್ರ ಒಂದೇ ನೇರಕ್ಕೆ ತಿರುಗಬೇಕು. ಡಯಲ್ ಗೇಜಿನ ಮುಳ್ಳು ನೋಡುತ್ತ, ತಾಮ್ರದ ಸುತ್ತಿಗೆಯಿಂದ ಒಂದು ಪೆಟ್ಟು. ಮತ್ತೆ ತಿರುಗಿಸಿ ನೋಡಿ, ಇನ್ನೊಂದು. ಮಿಲಿಮೀಟರಿನ ನೂರನೇ ಭಾಗದ ಲೆಕ್ಕದ ಕೆಲಸವನ್ನು ಸುತ್ತಿಗೆಯಿಂದ ಮಾಡುವ ಆ ತಾಳ್ಮೆಗೆ ನಾನು ಮಾರುಹೋಗಿದ್ದೇನೆ.

ಬೇರಿಂಗ್ ಕೂರುವ ಜಾಗವೇ ಸಡಿಲಾಗಿ, ಕ್ರ್ಯಾಂಕ್‌ಕೇಸು ಸರಿಪಡಿಸಲಾಗದಷ್ಟು ಸೀಳಿದ್ದರೆ ಮಾತ್ರ ಬೇರೆ ಇಂಜಿನ್ನಿನ ಮಾತು. ಆಗ ಆರ್‌ಟಿಓ ಕಚೇರಿಗೆ ಹೋಗಿ ಆರ್‌ಸಿಯಲ್ಲಿ ಇಂಜಿನ್ ನಂಬರನ್ನೂ ಬದಲಿಸಬೇಕು. ಕೇಸು ಗಟ್ಟಿಯಿದ್ದರೆ ಮೇಸ್ತ್ರಿ ಮತ್ತೊಂದು ಮಾತಾಡುವುದಿಲ್ಲ, ಸಿಲಿಂಡರನ್ನು ಬೋರಿಂಗಿಗೆ ಕಳಿಸಿಬಿಡುತ್ತಾರೆ.