ಮರುಭೇಟಿಯ ನಗರ: ಕೋಪರಿಯಿಂದ ಕಂಡ ಮುಂಬಯಿ ಕನ್ನಡ ಕಥನ

ಕನ್ನಡದಲ್ಲಿ ಪ್ರವಾಸ ಸಾಹಿತ್ಯವೆಂದು ಕರೆಯಲಾಗುವ ಬರವಣಿಗೆ ಬಹುಮಟ್ಟಿಗೆ ಮೊದಲ ಭೇಟಿಯ ಸಾಹಿತ್ಯವಾಗಿದೆ. ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’ವಾಗಲಿ, ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ‘ಅಮೆರಿಕಾದಲ್ಲಿ ಗೊರೂರು’ ಆಗಲಿ, ಹಿಂದೆ ಕಾಣದಿದ್ದುದನ್ನು ಕಂಡವರ ಕುತೂಹಲದಿಂದ ಹುಟ್ಟಿದ ಕೃತಿಗಳು. ಇದಕ್ಕೆ ಎದುರಾಗಿ, ಪರಸ್ಥಳದಲ್ಲಿ ನೆಲೆನಿಂತವರ ಬರವಣಿಗೆಯನ್ನು ‘ಹೊರನಾಡ ಸಾಹಿತ್ಯ’ವೆಂದು ಪ್ರತ್ಯೇಕಿಸಿದ್ದೇವೆ. ಒಮ್ಮೆ ಬಾಳಿ, ಪ್ರೀತಿಸಿ, ಬಿಟ್ಟುಬಂದ ನಗರಕ್ಕೆ ಮತ್ತೆ ಪ್ರವಾಸಿಗನಾಗಿ ಹೋಗುವವನ ಅನುಭವ ಈ ಎರಡು ವರ್ಗಗಳಲ್ಲಿ ಯಾವುದಕ್ಕೂ ಸೇರುವುದಿಲ್ಲ. ಈ ಮೂರನೆಯ ಸ್ಥಿತಿಗೆ ನಮ್ಮ ವಿಮರ್ಶೆಯಲ್ಲಿ ಹೆಸರಿಲ್ಲದಿರುವುದರಿಂದ ಕೆಲವು ಮುಖ್ಯ ಕೃತಿಗಳನ್ನು ನಾವು ತಪ್ಪಾದ ಸ್ಥಳದಲ್ಲಿಟ್ಟು ಓದುತ್ತಿದ್ದೇವೆ ಎಂಬುದು ಪ್ರಸ್ತುತ ಲೇಖನದ ವಾದ.

ಈ ಪ್ರಶ್ನೆ ನಮಗೆ ಎದುರಾದದ್ದು ಗ್ರಂಥಾಲಯದಲ್ಲಲ್ಲ, ಕೋಪರಿಯಲ್ಲಿ. ಠಾಣೆ ನಿಲ್ದಾಣದ ಪೂರ್ವದಿಕ್ಕಿಗಿರುವ ಈ ಬಡಾವಣೆಯಲ್ಲಿ ನಾವು ಕೆಲವು ವರ್ಷ ವಾಸವಾಗಿದ್ದೆವು. ಬಹುಕಾಲದ ನಂತರ ಇತ್ತೀಚೆಗೆ ಅಲ್ಲಿಗೆ ಮರಳಿದಾಗ ಕೈಯಲ್ಲಿ ಚೀಲವಿತ್ತೇ ಹೊರತು ಬೀಗದಕೈ ಇರಲಿಲ್ಲ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ಈ ದೇಶದ ಮೊದಲ ಪ್ರಯಾಣಿಕರ ರೈಲು ಬಂದು ನಿಂತದ್ದು ಠಾಣೆಗೆ. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣಗೊಂಡ ಬಳಿಕ ಕರಾವಳಿಯಿಂದ ಬರುವ ಮತ್ಸ್ಯಗಂಧಾ ಗಾಡಿಯೂ ಅಲ್ಲಿ ನಿಲ್ಲತೊಡಗಿತು. ಹಿಂದಿನವರು ಹಡಗಿನಿಂದಲೋ ಬಸ್ಸಿನಿಂದಲೋ ಇಳಿದು ನೇರವಾಗಿ ದ್ವೀಪನಗರವನ್ನು ಕಂಡರೆ, ಈಗ ಕುಮಟೆ, ಉಡುಪಿಗಳಿಂದ ಬರುವ ಎಷ್ಟೋ ಮಂದಿಗೆ ‘ಬೊಂಬಾಯಿ’ ಎಂದರೆ ಮೊದಲು ಈ ಉಪನಗರವೇ. ಇದೇ ಕೋಪರಿಯಲ್ಲಿ ದೇಶವಿಭಜನೆಯ ನಂತರ ಸಿಂಧಿ ನಿರಾಶ್ರಿತರು ಬಂದು ನೆಲೆಸಿದರು. ಅವರಿಗೆ ಬಿಟ್ಟುಬಂದ ಊರಿಗೆ ಮರಳುವ ದಾರಿ ಮುಚ್ಚಿಹೋಗಿತ್ತು. ಮರುಭೇಟಿ ಎಂಬುದು ಎಲ್ಲರಿಗೂ ದಕ್ಕುವ ಸೌಲಭ್ಯವಲ್ಲವೆಂಬ ಈ ಸಂಗತಿಯನ್ನು ಮುಂದಿನ ಚರ್ಚೆಯುದ್ದಕ್ಕೂ ನೆನಪಿನಲ್ಲಿಡಬೇಕು.

ಮುಂಬಯಿಯನ್ನು ಕನ್ನಡಿಗರ ‘ಪರನಗರ’ ಎನ್ನುವಲ್ಲಿಯೂ ಒಂದು ಎಚ್ಚರ ಅಗತ್ಯ. 1862ರಿಂದ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಧಾರವಾಡ, ಬೆಳಗಾವಿ, ವಿಜಾಪುರಗಳೂ ಅದೇ ಆಡಳಿತದಲ್ಲಿದ್ದವು. ಆ ಭಾಗದವರಿಗೆ ಮುಂಬಯಿ ರಾಜಧಾನಿಯೇ ಹೊರತು ಹೊರನಾಡಲ್ಲ. ಮದ್ರಾಸ್ ಪ್ರಾಂತದಲ್ಲಿದ್ದ ದಕ್ಷಿಣ ಕನ್ನಡದವರಿಗೆ ಮಾತ್ರ ಅದು ಮೊದಲಿನಿಂದಲೂ ಬೇರೆಯ ಪ್ರಾಂತ. 1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆಯಾದಾಗ ಮುಂಬಯಿಯಲ್ಲಿದ್ದ ಉತ್ತರ ಕನ್ನಡಿಗನು ಕುಳಿತಲ್ಲೇ ಹೊರನಾಡಿಗನಾದನು. ಅವನು ಗಡಿ ದಾಟಲಿಲ್ಲ, ಗಡಿಯೇ ಅವನನ್ನು ದಾಟಿತು. ಹೊರನಾಡೆಂಬ ಪರಿಕಲ್ಪನೆಯನ್ನು ಕಾಲಾತೀತವೆಂಬಂತೆ ಬಳಸುವ ಸಮೀಕ್ಷೆಗಳು ಈ ವ್ಯತ್ಯಾಸವನ್ನು ಅಳಿಸಿಹಾಕುತ್ತವೆ.

ಈ ಹಿನ್ನೆಲೆಯಲ್ಲಿ ಕುಮಟಾ ತಾಲೂಕಿನವರೇ ಆದ ಇಬ್ಬರು ಲೇಖಕರನ್ನು ಒಟ್ಟಿಗಿಟ್ಟು ನೋಡಬಹುದು. ಹನೇಹಳ್ಳಿಯಲ್ಲಿ 1928ರಲ್ಲಿ ಜನಿಸಿದ ಯಶವಂತ ಚಿತ್ತಾಲರು ವೃತ್ತಿಜೀವನವನ್ನು ಮುಂಬಯಿಯಲ್ಲಿ ಕಳೆದು 2014ರಲ್ಲಿ ಅಲ್ಲಿಯೇ ತೀರಿಕೊಂಡರು. ಗೋಕರ್ಣದಲ್ಲಿ 1955ರಲ್ಲಿ ಜನಿಸಿದ ಜಯಂತ ಕಾಯ್ಕಿಣಿಯವರು ಎರಡು ದಶಕಗಳಿಗೂ ಹೆಚ್ಚು ಕಾಲ ಮುಂಬಯಿಯಲ್ಲಿದ್ದು, ಶತಮಾನದ ತಿರುವಿನಲ್ಲಿ ಬೆಂಗಳೂರಿಗೆ ಬಂದರು. ಇಬ್ಬರೂ ರಸಾಯನಶಾಸ್ತ್ರಕ್ಕೆ ಸಂಬಂಧಿಸಿದ ಉದ್ಯಮಗಳಲ್ಲಿ ದುಡಿದವರು. ಆದರೆ ಅವರ ಕಥನದ ದಿಕ್ಕುಗಳು ಪರಸ್ಪರ ವಿರುದ್ಧವಾಗಿವೆ. ಚಿತ್ತಾಲರು ಮುಂಬಯಿಯಲ್ಲಿ ಕುಳಿತು ಮತ್ತೆ ಮತ್ತೆ ಹನೇಹಳ್ಳಿಗೆ ಮರಳಿದರು. ಕಾಯ್ಕಿಣಿಯವರು ಬೆಂಗಳೂರಿನಲ್ಲಿ ಕುಳಿತು ಮುಂಬಯಿಗೆ ಮರಳುತ್ತಾರೆ. ಲೇಖಕನ ವಿಳಾಸವನ್ನೇ ಆಧಾರವಾಗಿ ಹಿಡಿದರೆ ಹನೇಹಳ್ಳಿಯ ಲೋಕದ ‘ಮೂರು ದಾರಿಗಳು’ ಹೊರನಾಡ ಕೃತಿಯೆನಿಸುತ್ತದೆ, 2005ರ ‘ತೂಫಾನ್ ಮೇಲ್’ ಒಳನಾಡ ಕೃತಿಯೆನಿಸುತ್ತದೆ. ಇಂಥ ವಿಪರ್ಯಾಸಕ್ಕೆ ಎಡೆಗೊಡುವ ವರ್ಗೀಕರಣ ಪಠ್ಯಕ್ರಮಗಳಲ್ಲಿಯೂ ಗ್ರಂಥಸೂಚಿಗಳಲ್ಲಿಯೂ ಮುಂದುವರಿದಿರುವುದು ಸರಿಯಲ್ಲ.

ಚಿತ್ತಾಲರ ‘ಶಿಕಾರಿ’ (1979) ಮುಂಬಯಿ ಕುರಿತ ನವ್ಯ ವಿಮರ್ಶೆಯ ತಿಳಿವಳಿಕೆಯನ್ನು ರೂಪಿಸಿತು. ಕಂಪನಿಯ ಒಳಸಂಚಿನಲ್ಲಿ ಸಿಲುಕಿದ ನಾಗಪ್ಪನ ಭಯ, ಸಂಶಯಗಳ ಮೂಲಕ ನಗರವು ಬೇಟೆಯ ಕಾಡಾಗಿ ಕಾಣುತ್ತದೆ. ಆ ಕಾದಂಬರಿಯ ಸಾಧನೆ ನಿರ್ವಿವಾದ. ಆದರೆ ಅದನ್ನನುಸರಿಸಿ ‘ನಗರವೆಂದರೆ ಅನಾಥಪ್ರಜ್ಞೆ’ ಎಂಬ ಸಿದ್ಧಸೂತ್ರವೊಂದು ಬಳಕೆಗೆ ಬಂದು, ಬೇರೆ ಬಗೆಯ ನಗರಾನುಭವಗಳಿಗೆ ನಮ್ಮ ಕಿವಿ ಮಂದವಾಯಿತು. ಕಾಯ್ಕಿಣಿಯವರ ‘ದಗಡೂ ಪರಬನ ಅಶ್ವಮೇಧ’ ಈ ಸೂತ್ರವನ್ನು ಸದ್ದಿಲ್ಲದೆ ಸಡಿಲಿಸುತ್ತದೆ. ಮದುವೆಯ ಮೆರವಣಿಗೆಯಲ್ಲಿ ಬಾಡಿಗೆಯ ಕುದುರೆ ವರನನ್ನು ಹೊತ್ತುಕೊಂಡೇ ಓಡಿಬಿಡುವ ಈ ಕಥೆಯಲ್ಲಿ ನಗರದ ಅಪರಿಚಿತತೆಯು ಶಾಪವಾಗಿ ಉಳಿಯದೆ ಒಂದು ಅವಕಾಶವೂ ಆಗುತ್ತದೆ. ಗೊತ್ತುಪಡಿಸಿದ ದಾರಿ ತಪ್ಪಿದವನಿಗೆ ಬೇರೆಯ ದಾರಿಗಳಿವೆ ಎಂಬ ಭರವಸೆಯನ್ನು ಕೊಡುವುದು ಆ ಜನಸಂದಣಿಯೇ.

ಆ ಕಥೆ ನಗರದೊಳಗಿದ್ದವನು ಬರೆದದ್ದು. ಬಿಟ್ಟುಬಂದ ಮೇಲೆ ಬರೆದ ‘ತೂಫಾನ್ ಮೇಲ್’ನಲ್ಲಿ ಸ್ವರ ಬದಲಾಗಿರುವುದನ್ನು ಗಮನಿಸಬೇಕು. ಸಿನಿಮಾದ ಸಾಹಸ ದೃಶ್ಯಗಳಲ್ಲಿ ದುಡಿಯುವ ಕಥಾನಾಯಕನ ಹೆಸರೇ ಬಾಲ್ಯದ ರೈಲೊಂದರಿಂದ ಬಂದದ್ದು. ಇಲ್ಲಿ ವರ್ತಮಾನವನ್ನು ನೆನಪು ಹಿಂದಕ್ಕೆ ಜಗ್ಗುತ್ತದೆ. ವಾಲ್ಟರ್ ಬೆಂಜಮಿನ್ 1929ರಲ್ಲಿ ಬರೆದ ವಿಮರ್ಶೆಯೊಂದರಲ್ಲಿ, ನಗರದ ವೈಚಿತ್ರ್ಯ ಪರಕೀಯನನ್ನು ಸೆಳೆಯುತ್ತದೆ, ಅಲ್ಲಿಯೇ ಹುಟ್ಟಿದವನಾದರೋ ದೂರಕ್ಕಲ್ಲದೆ ಭೂತಕಾಲಕ್ಕೆ ಪಯಣಿಸಬೇಕಾಗುತ್ತದೆ ಎಂಬ ಭೇದವನ್ನು ಗುರುತಿಸಿದ್ದಾನೆ. ಮರಳಿ ಬಂದವನು ಈ ಎರಡನ್ನೂ ಏಕಕಾಲಕ್ಕೆ ಮಾಡುತ್ತಾನೆ; ಅವನಿಗಿರುವ ಅಪಾಯವೂ ಇಮ್ಮಡಿಯಾದದ್ದು. ತಾನು ಬಿಟ್ಟ ದಿನದಂದೇ ನಗರ ನಿಂತಿರಬೇಕೆಂದು ಅವನು ಬಯಸುತ್ತಾನೆ. ಕೋಪರಿಯಲ್ಲಿ ನಾವೂ ಹಳೆಯ ಕಟ್ಟಡವಿದ್ದೆಡೆ ಎತ್ತರದ ಹೊಸ ಕಟ್ಟಡವನ್ನು ಕಂಡು ಖೇದಗೊಂಡೆವು. ಹಳೆಯ ನೆರೆಯಾಕೆಯೊಬ್ಬರು, “ಈಗ ಮನೆಯೊಳಗೇ ನೀರು ಬರುತ್ತದೆ, ಬೆಳಗ್ಗೆ ನಾಲ್ಕಕ್ಕೆ ಏಳಬೇಕಾಗಿಲ್ಲ” ಎಂದಾಗ ನಮ್ಮ ಖೇದದ ಬೆಲೆಯೇನೆಂದು ತಿಳಿಯಿತು. ಹೋದವನಿಗೆ ಸುಂದರವಾಗಿ ತೋರುವ ಹಳತನ್ನು ಇದ್ದವರು ಪ್ರತಿದಿನ ಹೊರಬೇಕಾಗಿತ್ತು.

ಕಾಯ್ಕಿಣಿಯವರ ಉತ್ತಮ ಕಥೆಗಳು ಈ ಅಪಾಯದಿಂದ ಪಾರಾಗುವುದು ದೃಷ್ಟಿಕೋನವನ್ನು ಮರಳಿ ಬಂದವನಿಗೆ ಕೊಡದೆ ಉಳಿದವನಿಗೆ ಕೊಡುವುದರಿಂದ. ‘ಒಪೆರಾ ಹೌಸ್’ ಕಥೆಯ ಕೇಂದ್ರದಲ್ಲಿರುವವನು ಚಿತ್ರಮಂದಿರದ ಕಸ ಗುಡಿಸುವ ನೌಕರ. ಪ್ರೇಕ್ಷಕರು ಮರೆತುಹೋದ ವಸ್ತುಗಳು ಅವನ ಕೈಗೆ ಬರುತ್ತವೆ. ಯಾರೋ ಬಿಟ್ಟುಹೋದ ಫ್ಲಾಸ್ಕೊಂದು ಅವನ ಪಾಲಿಗೆ ಹೊಣೆಯಾಗುತ್ತದೆ. ಬಿಟ್ಟುಹೋದವರ ಹಂಬಲಕ್ಕಿಂತ ಕಾಯ್ದಿಟ್ಟವನ ಶ್ರದ್ಧೆ ಇಲ್ಲಿ ದೊಡ್ಡದು. 1911ರಲ್ಲಿ ತೆರೆದ ಆ ರಂಗಮಂದಿರ 1993ರಲ್ಲಿ ಮುಚ್ಚಿ, ಜೀರ್ಣೋದ್ಧಾರಗೊಂಡು 2016ರಲ್ಲಿ ಮತ್ತೆ ತೆರೆಯಿತು. ಇಂದು ಅಲ್ಲಿಗೆ ಹೋಗುವವನಿಗೆ ಚೆಲುವಾದ ಕಟ್ಟಡ ಕಾಣುತ್ತದೆ, ಗುಡಿಸುವವನು ಕಾಣಬೇಕಾದರೆ ಕಥೆಯನ್ನೇ ಓದಬೇಕು. ಈ ಕಥೆಗಳ ಪಾತ್ರಗಳಲ್ಲಿ ಬಹುಪಾಲು ಕನ್ನಡಿಗರಲ್ಲದಿರುವುದೂ ಆಕಸ್ಮಿಕವಲ್ಲ. ತಮ್ಮವರನ್ನು ಮಾತ್ರ ಹುಡುಕಿಕೊಂಡು ಹೋಗುವ ಮರುಭೇಟಿ ಇದಲ್ಲ. ತೇಜಸ್ವಿನಿ ನಿರಂಜನ ಅವರು 2017ರಲ್ಲಿ ‘ನೋ ಪ್ರೆಸೆಂಟ್ಸ್ ಪ್ಲೀಸ್’ ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ತಂದ ಈ ಕಥೆಗಳು 2018ನೆಯ ಸಾಲಿನ ಡಿಎಸ್‌ಸಿ ಬಹುಮಾನ ಪಡೆದವು. ಅವುಗಳನ್ನು ಮುಂಬಯಿಯ ಕಥೆಗಳೆಂದು ಓದುವ ಪರಭಾಷಿಕರು ನಮ್ಮ ವರ್ಗೀಕರಣಕ್ಕಿಂತ ಸರಿಯಾಗಿಯೇ ಓದಿದ್ದಾರೆ.

ಒಂದು ಆಕ್ಷೇಪಣೆ ಮಾತ್ರ ಉಳಿಯುತ್ತದೆ. ಈ ಲೋಕದಲ್ಲಿ ಕರುಣೆ ಕೆಲವೊಮ್ಮೆ ತೀರ ಸುಲಭವಾಗಿ ಒದಗಿಬರುತ್ತದೆ. ‘ಶಿಕಾರಿ’ ಕಂಡ ಕ್ರೌರ್ಯಕ್ಕೆ ಅಲ್ಲಿ ಸಾಕಷ್ಟು ಜಾಗವಿಲ್ಲ. ವ್ಯಾಸರಾಯ ಬಲ್ಲಾಳರ ‘ಬಂಡಾಯ’ ಕಾರ್ಮಿಕ ಸಂಘರ್ಷದ ಮೂಲಕ ತೋರಿಸುವ ನಗರವೂ ಹಿನ್ನೆಲೆಗೆ ಸರಿಯುತ್ತದೆ. ಬಿಟ್ಟುಬಂದವನು ನಗರವನ್ನು ಕ್ಷಮಿಸುವುದು ಸುಲಭ, ಅದರೊಡನೆ ದಿನವೂ ಜಗಳವಾಡಬೇಕಾದ ಸ್ಥಿತಿ ಅವನದಲ್ಲ. ಆದುದರಿಂದ ಈ ಲೇಖಕರನ್ನು ಒಬ್ಬರ ಬದಲಿಗೆ ಒಬ್ಬರೆಂದು ಓದದೆ, ಒಬ್ಬರ ಪಕ್ಕದಲ್ಲಿ ಒಬ್ಬರೆಂದು ಓದಬೇಕು.

ರಾಜ್ಯದ ಹೊರಗೆ ಸಂಶೋಧನೆ ನಡೆಸುವವರಿಗೆ ಈ ಚರ್ಚೆ ಹೆಚ್ಚು ಪ್ರಸ್ತುತ, ಏಕೆಂದರೆ ಅವರೂ ಬಿಟ್ಟುಬಂದ ಮತ್ತು ಮರಳುವ ಸ್ಥಿತಿಯಲ್ಲಿಯೇ ಇದ್ದಾರೆ. ಕೃತಿಕಾರ ಎಲ್ಲಿ ವಾಸಿಸಿದ್ದನೆಂಬುದರ ಜೊತೆಗೆ, ಯಾವ ದಿಕ್ಕಿಗೆ ಮುಖ ಮಾಡಿ ಬರೆದನು, ಮರಳಿದಾಗ ಯಾರ ಕಣ್ಣನ್ನು ಎರವಲು ಪಡೆದನು ಎಂಬುದನ್ನೂ ನಾವು ದಾಖಲಿಸತೊಡಗಬೇಕು. ಹಾಗೆ ಮಾಡಿದಲ್ಲಿ ಕೋಪರಿಯಂಥ ಉಪನಗರಗಳಲ್ಲಿ ಎಲ್ಲಿಗೂ ಮರಳದೆ ಉಳಿದವರ ಬಾಳು ಕೂಡ ನಮ್ಮ ಅಧ್ಯಯನದ ಪರಿಧಿಯೊಳಗೆ ಬಂದೀತು.