ಎಂಟು ಮತಪತ್ರ, ಒಂದು ಕ್ಯಾಮೆರಾ

2024ರ ಜನವರಿ 30ರಂದು ಚಂಡೀಗಢದ ಮೇಯರ್ ಚುನಾವಣೆಯಲ್ಲಿ ಬಿದ್ದದ್ದು ಬರೀ 36 ಮತ. ಚುನಾವಣಾಧಿಕಾರಿ ಅನಿಲ್ ಮಸೀಹ್ ಅದರಲ್ಲಿ 8ನ್ನು ಅಸಿಂಧುವೆಂದು ಬದಿಗಿಟ್ಟು, ಬಿಜೆಪಿ ಅಭ್ಯರ್ಥಿ 16–12ರಿಂದ ಗೆದ್ದರೆಂದು ಸಾರಿದರು. ಆ ಎಂಟೂ ಆಮ್ ಆದ್ಮಿ ಪಕ್ಷದ (ಆಪ್) ಕುಲದೀಪ್ ಕುಮಾರ್ ಅವರಿಗೆ ಬಿದ್ದಿದ್ದ ಮತಗಳು. ಅಧಿಕಾರಿ ಮತಪತ್ರಗಳ ಮೇಲೆ ಪೆನ್ನಾಡಿಸುತ್ತ, ನಡುವೆ ತಲೆಯೆತ್ತಿ ಕ್ಯಾಮೆರಾದತ್ತ ನೋಡಿದ್ದನ್ನು ದೇಶವೇ ಕಂಡಿತು. ಸುಪ್ರೀಂ ಕೋರ್ಟ್ ಮತಪತ್ರಗಳನ್ನೇ ತರಿಸಿಕೊಂಡು ಪರಿಶೀಲಿಸಿ, ಫೆಬ್ರುವರಿ 20ರಂದು ಕುಲದೀಪ್ ಅವರನ್ನೇ ಮೇಯರ್ ಎಂದು ಘೋಷಿಸಿತು.

ವಂಚನೆಯನ್ನು ಹಿಡಿದದ್ದಕ್ಕಿಂತ, ಮರುಚುನಾವಣೆ ಬೇಡವೆಂದದ್ದೇ ಈ ತೀರ್ಪಿನ ಗಟ್ಟಿತನ. ವಿಚಾರಣೆಯ ಮುನ್ನಾದಿನ ಬಿಜೆಪಿ ಮೇಯರ್ ರಾಜೀನಾಮೆ ಕೊಟ್ಟಿದ್ದರು. ಅಷ್ಟರಲ್ಲೇ ಆಪ್‌ನ ಮೂವರು ಸದಸ್ಯರು ಬಿಜೆಪಿ ಸೇರಿಯೂ ಆಗಿತ್ತು. ಇನ್ನೊಮ್ಮೆ ಮತ ಹಾಕಿಸಿದ್ದರೆ, ಕಳ್ಳತನ ಸಿಕ್ಕಿಬಿದ್ದರೂ ಮಾಲು ಕಳ್ಳರ ಮನೆಯಲ್ಲೇ ಉಳಿಯುತ್ತಿತ್ತು. ಬಿದ್ದ ಮತವನ್ನೇ ಎಣಿಸಿದ್ದು ಸರಿ.

ಆದರೂ ಇದನ್ನು ಮಾದರಿ ತೀರ್ಪು ಎಂದು ಕೊಂಡಾಡಲು ನನಗೆ ಮನಸ್ಸಿಲ್ಲ. ಇದು ಸಂವಿಧಾನದ 142ನೇ ವಿಧಿಯ ವಿಶೇಷಾಧಿಕಾರ ಬಳಸಿ ಕೊಟ್ಟ ಪರಿಹಾರ, ಅದೂ ಇಡೀ ಪ್ರಕರಣ ಕ್ಯಾಮೆರಾದಲ್ಲಿ ಸೆರೆಯಾಗಿದ್ದರಿಂದ. ವಿಧಾನಸಭೆ, ಲೋಕಸಭೆ ಚುನಾವಣೆಗಳಿಗೆ ಹೈಕೋರ್ಟಿನಲ್ಲಿ ತಕರಾರು ಅರ್ಜಿ ಹಾಕುವುದೊಂದೇ ದಾರಿ. ಆರು ತಿಂಗಳಲ್ಲಿ ಇತ್ಯರ್ಥಕ್ಕೆ ಯತ್ನಿಸಬೇಕೆಂದು 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆ ಹೇಳುತ್ತದೆ. ನಡೆಯುವುದೇ ಬೇರೆ.

ನಮ್ಮ ಮಾಲೂರು ವಿಧಾನಸಭಾ ಕ್ಷೇತ್ರವನ್ನೇ ನೋಡಿ. 2023ರ ಮೇನಲ್ಲಿ ಕಾಂಗ್ರೆಸ್‌ನ ಕೆ.ವೈ. ನಂಜೇಗೌಡರು ಗೆದ್ದದ್ದು 248 ಮತಗಳಿಂದ. ಆ ಆಯ್ಕೆಯನ್ನು ರದ್ದುಪಡಿಸಿ, ಮರುಎಣಿಕೆಗೆ ಹೈಕೋರ್ಟ್ ಆದೇಶಿಸಿದ್ದು 2025ರ ಸೆಪ್ಟೆಂಬರ್‌ನಲ್ಲಿ; ವಿಧಾನಸಭೆಯ ಅವಧಿ ಆಗಲೇ ಅರ್ಧ ಸವೆಯುತ್ತ ಬಂದಿತ್ತು. ಎಣಿಕೆಯ ವಿಡಿಯೊ ಕೋರ್ಟಿನ ಮುಂದೆ ಬರಲೇ ಇಲ್ಲ. ಮುಂದಿನ ತಿಂಗಳು ಸುಪ್ರೀಂ ಕೋರ್ಟ್ ರದ್ದತಿಗೆ ತಡೆ ಕೊಟ್ಟು, ಎಣಿಕೆ ನಡೆಯಲಿ, ಫಲಿತಾಂಶ ಮಾತ್ರ ಹೊರಬೀಳದಿರಲಿ ಎಂದಿತು. ಮಾಲೂರಿನ ಮತದಾರ ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೋ!

ಚಂಡೀಗಢದಿಂದ ಕಲಿಯಬೇಕಾದ ಪಾಠವಿದ್ದರೆ ಅದು ದಾಖಲೆಯದು. ಆಗಿರುವುದು ಅದಕ್ಕೆ ತಿರುಗುಮುರುಗು. 2024ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿ, ಚುನಾವಣೆಯ ಸಿಸಿಟಿವಿ ದೃಶ್ಯ ಸಾರ್ವಜನಿಕರ ಕೈಗೆ ಸಿಗದಂತೆ ಮಾಡಿತು. ತಕರಾರು ಅರ್ಜಿ ಬರದಿದ್ದರೆ 45 ದಿನದ ನಂತರ ಅಳಿಸಬಹುದೆಂದು 2025ರಲ್ಲಿ ಚುನಾವಣಾ ಆಯೋಗ ಹೇಳಿತು. ಅರ್ಜಿ ಹಾಕುವ ಗಡುವೂ ಅದೇ 45 ದಿನ. ಅಷ್ಟರೊಳಗೆ ಕೋರ್ಟಿನ ಆದೇಶವಿಲ್ಲದೆ ದೃಶ್ಯ ನೋಡಲು ಸೋತವನಿಗೆ ಅವಕಾಶವಿಲ್ಲ. ಖಚಿತ ವಿವರವಿಲ್ಲದೆ ಮರುಎಣಿಕೆ ಕೇಳಿದರೆ ಕೋರ್ಟು ಒಪ್ಪುವುದಿಲ್ಲ.